ಕಾಲಂ ಹದಿನಾಲ್ಕು

ಬೆಳಗಿನ ಪ್ಯಾಸೆಂಜರಿಗೆ ಮಂಡ್ಯದಲ್ಲಿ ಹತ್ತಿದೆವು.
ಅವ್ವನ ಮಡಿಲಲ್ಲಿ ಅಪ್ಪನ ಕಾಗದಗಳ ಚೀಲ,
ಅದರ ಮೇಲೆ ಯಾವುದೋ ಸೀರೆ ಅಂಗಡಿಯ ಮದುಮಗಳ ನಗು.
ಪಾಂಡವಪುರ ದಾಟುವಷ್ಟರಲ್ಲಿ ಮೂರು ಸಲ ಎಣಿಸಿದಳು:
ಡಿಸ್ಚಾರ್ಜ್ ಪುಸ್ತಕ, ಪಾಸ್‌ಬುಕ್ಕು, ಆಧಾರ್, ಮರಣಪತ್ರ.
ಓದಲು ಬಾರದವಳು, ಬಣ್ಣದಿಂದ ಗುರುತಿಸುತ್ತಾಳೆ.
ಮರಣಪತ್ರವನ್ನು ಮಾತ್ರ ಮುಟ್ಟಿಯೇ ತಿಳಿಯುತ್ತಾಳೆ,
ಏಳು ತಿಂಗಳಾದರೂ ಅದರ ಅಂಚು
ಇನ್ನೂ ಬೆರಳು ಕೊಯ್ಯುತ್ತದೆ.

ಮೈಸೂರಿಗೆ ಇದು ನಾಲ್ಕನೇ ಸಲ.
ಮೊದಲ ಸಲ ಜಂಟಿ ಫೋಟೋ ಬೇಕೆಂದರು.
ಇದ್ದದ್ದು ಒಂದೇ, ಎಂಬತ್ತೆರಡರದು:
ಸಿಗ್ನಲ್ಸ್‌ನ ನಾಯಕ್ ಚಿಕ್ಕಲಿಂಗಯ್ಯ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಾನೆ,
ಅವ್ವ ಅವನ ಬೂಟು ನೋಡುತ್ತಿದ್ದಾಳೆ.
ಮುಖ ಕಾಣುವುದಿಲ್ಲ ಎಂದರು.
ಎರಡನೇ ಸಲ ಸರ್ವರ್ ಇರಲಿಲ್ಲ.
ಮೂರನೇ ಸಲ ಹೆಸರು.

ಐದನೆಯದೂ ಹೆಣ್ಣಾದಾಗ ನಮ್ಮ ತಾತ
ಸಾಕಮ್ಮ ಎಂದು ಹೆಸರಿಟ್ಟು ದೇವರಿಗೆ ಅರ್ಜಿ ಹಾಕಿದ್ದ.
ಆ ಅರ್ಜಿ ಮಂಜೂರಾಯಿತು, ಆರನೆಯದು ಗಂಡು.
ಜಬಲ್ಪುರದ ದಾಖಲೆ ಕಚೇರಿಯಲ್ಲಿ ಯಾವನೋ ಬಾಬು,
ಕನ್ನಡ ಕೇಳಿದ ಕಿವಿಯಲ್ಲ ಅವನದು,
ಅವಳನ್ನು ಸುಕಮಾ ದೇವಿ ಎಂದು ಟೈಪು ಮಾಡಿದ್ದ,
ನಾಲ್ಕು ವರ್ಷ ಚಿಕ್ಕವಳನ್ನಾಗಿಯೂ.
ಪಿಂಚಣಿ ಏನಿದ್ದರೂ ಆ ಸುಕಮಾ ದೇವಿಗೆ.
"ಯಾರವ್ವ ಅವ್ಳು?" ಅಂದಿದ್ದಳು ಅವ್ವ,
ಸವತಿಯನ್ನು ವಿಚಾರಿಸುವ ದನಿಯಲ್ಲಿ.
ನೋಟರಿ ಛಾಪಾ ಕಾಗದದ ಮೇಲೆ ಬರೆದುಕೊಟ್ಟ:
ಇವರಿಬ್ಬರೂ ಒಬ್ಬಳೇ.
ಅವ್ವ ಹೆಬ್ಬೆಟ್ಟು ಒತ್ತಿದಳು, ಇಬ್ಬರ ಪರವಾಗಿ.
ಸಾಕೇ?
ಸಾಲದು ಎಂದರು.

ಇವತ್ತು ಜಬಲ್ಪುರದಿಂದ ಬಂದ ಹಳೆಯ ಹಾಳೆಯ ನಕಲು
ಮೇಜಿನ ಮೇಲಿತ್ತು. ಮಾಜಿ ಹವಾಲ್ದಾರ್ ಬೆಳ್ಳಿಯಪ್ಪ
ಸರಸರ ಓದುತ್ತಾ ಹೋದವರು
ಕಾಲಂ ಹದಿನಾಲ್ಕಕ್ಕೆ ಬಂದು ನಿಂತರು.
ಕೆಮ್ಮಿದರು. ನೀರು ಕುಡಿದರು.
ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

ಪತ್ನಿಯ ದೇಹದ ಮೇಲಿನ ಗುರುತಿನ ಚಿಹ್ನೆ.
ಮೇಲಿನದೆಲ್ಲ ಟೈಪು, ಇದೊಂದು ಅಪ್ಪನ ಕೈಬರಹ,
ಇಂಗ್ಲಿಷಿನ ಒಂದೊಂದು ಅಕ್ಷರವೂ ಸಾವಧಾನ್ ನಿಂತಿದೆ:
ಬೆನ್ನ ಮೇಲೆ, ಎಡ ಹೆಗಲ ಕೆಳಗೆ ಒಂದು ಮಚ್ಚೆ,
ರಾಗಿ ಕಾಳಿನಷ್ಟು
(ರಾಗಿಗೆ ಇಂಗ್ಲಿಷ್ ಹೊಳೆಯದೆ ರಾಗಿ ಎಂದೇ ಬರೆದಿದ್ದಾನೆ).
ಪಕ್ಕದಲ್ಲಿ ಇನ್ನೊಂದು. ಅದಕ್ಕಿಂತ ಚಿಕ್ಕದು.

"ನನ್ ಬೆನ್ನಲ್ಲಿ ಏನೂ ಇಲ್ಲ ಕಣ್ ಸ್ವಾಮಿ,
ಅದು ಆ ದೇವೀದೇ ಇರ್ಬೇಕು" ಅಂದಳು ಅವ್ವ.

ಕಚೇರಿಯ ಹಿಂದೆ ಹೆಂಗಸರ ಶೌಚಾಲಯ, ಚಿಲಕವಿಲ್ಲ.
ಬಾಗಿಲಿಗೆ ಕಾಲು ಕೊಟ್ಟು ನಿಂತು
ಅವಳ ರವಿಕೆ ಹೆಗಲಿಂದ ಜಾರಿಸಿದೆ.
ಮೂವತ್ತೊಂಬತ್ತು ವರ್ಷದಿಂದ ಅವಳ ಮಗಳು,
ಅವ್ವನ ಬೆನ್ನು ನೋಡಿದ್ದು ಇದೇ ಮೊದಲು.

ಇತ್ತು.
ಎರಡೂ ಇದ್ದವು.
ದೊಡ್ಡದಕ್ಕೆ ಒರಗಿಕೊಂಡಂತೆ ಚಿಕ್ಕದು.

ಮನೆಯಲ್ಲಿ ಅಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ.
ಏಯ್ ಎಂದರೆ ಅವಳು, ಎಲ್ಲೋದೆ ಎಂದರೂ ಅವಳು.
ಹಾಳೆಯಲ್ಲಿ ತಾರೀಖಿದೆ:
ಮದುವೆಗೆ ಕೊಟ್ಟ ಇಪ್ಪತ್ತೆರಡು ದಿನದ ರಜೆ ಮುಗಿದು
ಅವನು ವಾಪಸು ಹೋದ ವಾರ.

ಫೋನಿನಲ್ಲಿ ಫೋಟೋ ತೆಗೆದು ತೋರಿಸಿದೆ.
ಅವ್ವ ಹತ್ತಿರ ಹಿಡಿದಳು, ದೂರ ಹಿಡಿದಳು.
"ನಂಗೆ ಒಂದ್ ಮಾತೂ ಯೋಳ್ಲಿಲ್ಲ" ಅಂದಳು,
"ಸರ್ಕಾರಕ್ಕೆ ಯೋಳವ್ನೆ."

ಇದೆ ಎಂದೆ.
ಬೆಳ್ಳಿಯಪ್ಪನವರು ತಲೆಯೆತ್ತದೆ ಸರಿ ಗುರುತು ಹಾಕಿದರು.
ಮೂರು ತಿಂಗಳಲ್ಲಿ ಆಗಬಹುದು, ಫೋನು ಮಾಡಿ ಬನ್ನಿ.

ವಾಪಸಿನ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕಿತು.
ಅವ್ವ ಒರಗಲಿಲ್ಲ.
ಶ್ರೀರಂಗಪಟ್ಟಣದ ಸೇತುವೆ ಗಡಗಡ ದಾಟುವಾಗ
ಸೆರಗನ್ನು ಎಡ ಹೆಗಲ ಮೇಲೆ ಎಳೆದುಕೊಂಡಳು.
ಮಂಡ್ಯದಲ್ಲಿ ಇಳಿಯುವ ಹೊತ್ತಿಗೆ ಕೇಳಿದಳು:
"ಆ ಪಟ ಅಳಿಸ್ಬುಟ್ಯಾ?"
ಇಲ್ಲ ಎಂದೆ.
"ಅವ್ರು ಕೇಳುದ್ರೂ ಕೊಡ್ಬ್ಯಾಡ.
ಪಿಂಚಣಿ ತಡ ಆದ್ರೆ ಆಗ್ಲಿ ಬುಡು."